ಯಕೃತ್ತಿನ ಕೊಬ್ಬು ಹೃದಯಕ್ಕೆ ನೀಡುವ ಮುನ್ಸೂಚನೆ
ದಂಪತಿಗಳು ತಿಳಿದಿರಬೇಕಾದ ಕೆಲವು ವಿಷಯಗಳು

ಸುಮಾರು ನಲವತ್ತೈದು ವರ್ಷ ವಯಸ್ಸಿನ ರೈತರೊಬ್ಬರು ಸೊಂಟದ ನೋವಿಗೆ ಮೂತ್ರಪಿಂಡದ ಕಲ್ಲು ಕಾರಣವಿರಬಹುದೆಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡರು. ಕಲ್ಲು ಇರಲಿಲ್ಲ. ವರದಿಯ ಕೊನೆಯ ಸಾಲಿನಲ್ಲಿ ಮಾತ್ರ ‘ಫ್ಯಾಟಿ ಲಿವರ್, ಗ್ರೇಡ್ ಒಂದು’ ಎಂದು ಬರೆದಿತ್ತು. ಇದು ಈಗ ಎಲ್ಲರಿಗೂ ಇರುವುದೇ, ಚಿಂತಿಸಬೇಕಾಗಿಲ್ಲವೆಂದು ಯಾರೋ ಸಮಾಧಾನ ಹೇಳಿದರು. ವರದಿಯು ದೇವರ ಪಟದ ಹಿಂದೆ ಸೇರಿತು. ಒಂದೂವರೆ ವರ್ಷ ಕಳೆದ ಬಳಿಕ ಒಂದು ರಾತ್ರಿ ಅವರಿಗೆ ಎದೆಯುರಿ ಕಾಣಿಸಿತು. ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಮಲಗಿದರು. ಬೆಳಗಿನ ಜಾವ ಮೈ ಬೆವರಿ ಎದ್ದು ಕುಳಿತಾಗ ಪತ್ನಿಯು ಅಕ್ಕಪಕ್ಕದವರನ್ನು ಕೂಗಿ ಕರೆದು ಆಸ್ಪತ್ರೆಗೆ ತಂದರು. ಅದು ಹೃದಯಾಘಾತವಾಗಿತ್ತು. ದೈವವಶಾತ್ ಅವರು ಉಳಿದುಕೊಂಡರು.

ಆ ತಾಯಿ ಹಳೆಯ ವರದಿಯನ್ನು ಹುಡುಕಿ ತಂದು ನನ್ನ ಮುಂದಿಟ್ಟು, “ಅವತ್ತು ಲಿವರ್‌ನಾಗೆ ಕೊಬ್ಬು ಐತೆ ಅಂತ ತಾನೆ ಬರೆದಿದ್ದು ಡಾಕ್ಟ್ರೇ, ಹಾರ್ಟಿಗೆ ಯಾಕೆ ಬಂತು?” ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇಂದು ಇಂತಹುದೇ ಒಂದು ಕಾಗದ ಮಡಿಸಿಟ್ಟಿರುತ್ತದೆ. ಅದರ ಅರ್ಥವನ್ನು ಪತಿಪತ್ನಿಯರಿಬ್ಬರೂ ಸಕಾಲದಲ್ಲಿ ತಿಳಿದುಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಯಕೃತ್ತು ಮಾಡುವ ಕೆಲಸವೇನು?

ಯಕೃತ್ತು, ಅಂದರೆ ಲಿವರ್, ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ದೊಡ್ಡ ಅಂಗ. ವಯಸ್ಕರಲ್ಲಿ ಇದು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಾವು ಉಂಡ ಆಹಾರವು ಕರುಳಿನಲ್ಲಿ ಜೀರ್ಣವಾದ ಮೇಲೆ ಅದರ ಸಾರದ ಬಹುಭಾಗ ಮೊದಲು ಯಕೃತ್ತಿಗೆ ಬರುತ್ತದೆ. ಮನೆಯ ಯಜಮಾನಿಯು ಕಣಜದ ಧಾನ್ಯವನ್ನು ನೋಡಿಕೊಳ್ಳುವಂತೆ ಯಕೃತ್ತು ಈ ಸಾರದಲ್ಲಿ ಇಂದಿಗೆ ಬೇಕಾದುದನ್ನು ರಕ್ತಕ್ಕೆ ಕೊಡುತ್ತದೆ, ಉಳಿದುದನ್ನು ಕೂಡಿಡುತ್ತದೆ. ರಕ್ತದ ಸಕ್ಕರೆಯನ್ನು ಹದದಲ್ಲಿಡುವುದು, ಪಿತ್ತರಸವನ್ನು ತಯಾರಿಸುವುದು, ಕೊಲೆಸ್ಟರಾಲನ್ನು ಉತ್ಪಾದಿಸಿ ರಕ್ತಕ್ಕೆ ಕಳುಹಿಸುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ಇವೆಲ್ಲವೂ ಇದರದೇ ಕೆಲಸಗಳು.

ದುಡಿಮೆಗೆ ಬೇಕಾದುದಕ್ಕಿಂತ ಹೆಚ್ಚಿನ ಆಹಾರವು ದಿನದಿನವೂ ಬಂದು ಸೇರುತ್ತಿದ್ದರೆ ಈ ಕಣಜ ತುಂಬಿ ತುಳುಕುತ್ತದೆ. ಆಗ ಯಕೃತ್ತಿನ ಜೀವಕೋಶಗಳ ಒಳಗೇ ಕೊಬ್ಬು ಶೇಖರವಾಗತೊಡಗುತ್ತದೆ. ಈ ಪ್ರಮಾಣವು ಶೇಕಡಾ ೫ನ್ನು ಮೀರಿದರೆ ಅದನ್ನು ‘ಕೊಬ್ಬಿನ ಯಕೃತ್ತು’ ಅಥವಾ ಫ್ಯಾಟಿ ಲಿವರ್ ಎನ್ನುತ್ತಾರೆ.

ಮದ್ಯ ಮುಟ್ಟದವರಿಗೂ ಈ ರೋಗ ಬರುವುದೇ?

ಯಕೃತ್ತಿನ ಕಾಯಿಲೆಯೆಂದರೆ ಕುಡಿತದ ಫಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮದ್ಯಪಾನವು ಯಕೃತ್ತನ್ನು ಕೆಡಿಸುವುದು ನಿಜ. ಆದರೆ ೧೯೮೦ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರಾದ ಲುಡ್ವಿಗ್ ಮತ್ತು ಅವರ ಸಹೋದ್ಯೋಗಿಗಳು, ಮದ್ಯದ ಅಭ್ಯಾಸವಿಲ್ಲದ ಕೆಲವು ರೋಗಿಗಳ ಯಕೃತ್ತಿನಲ್ಲಿಯೂ ಕುಡುಕರಲ್ಲಿ ಕಾಣುವಂತಹ ಕೊಬ್ಬು ಮತ್ತು ಉರಿಯೂತಗಳಿದ್ದುದನ್ನು ವಿವರಿಸಿದರು. ಅಂಥವರಲ್ಲಿ ಅನೇಕರು ಸ್ಥೂಲದೇಹಿಗಳು ಅಥವಾ ಮಧುಮೇಹಿಗಳಾಗಿದ್ದರು. ೨೦೨೩ರಲ್ಲಿ ವಿವಿಧ ದೇಶಗಳ ತಜ್ಞರು ಸೇರಿ, ಇದು ದೇಹದ ಪಚನ ಮತ್ತು ಶಕ್ತಿವಿನಿಯೋಗದ ವ್ಯವಸ್ಥೆಯು ಏರುಪೇರಾದುದರ ಫಲವೆಂಬ ಅರ್ಥ ಬರುವಂತೆ ಈ ರೋಗದ ಹೆಸರನ್ನೇ ಬದಲಾಯಿಸಿದರು. ಆದುದರಿಂದ ಈ ವರದಿ ಬಂದವರನ್ನು ಕುಡುಕರೆಂದು ಶಂಕಿಸುವುದು ತಪ್ಪು; ತಾನು ಕುಡಿಯುವುದಿಲ್ಲವಾದ್ದರಿಂದ ತನಗೆ ಇದು ಬಾರದೆಂದು ನಿಶ್ಚಿಂತೆಯಿಂದಿರುವುದೂ ತಪ್ಪು.

ಹೃದಯಕ್ಕೂ ಯಕೃತ್ತಿಗೂ ಇರುವ ಸಂಬಂಧ

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಕೊಬ್ಬು ತುಂಬಿದ ಯಕೃತ್ತು ಸುಮ್ಮನೆ ಕುಳಿತಿರುವುದಿಲ್ಲ. ತನ್ನಲ್ಲಿ ಹೆಚ್ಚಾದ ಕೊಬ್ಬನ್ನು ಅದು ರಕ್ತಕ್ಕೆ ಸುರಿಯುತ್ತದೆ. ಇದರಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ರಕ್ತದಲ್ಲಿ ಏರುತ್ತದೆ. ರಕ್ತನಾಳಗಳನ್ನು ಕಾಪಾಡುವ ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಇಂತಹ ಯಕೃತ್ತು ಇನ್ಸುಲಿನ್ನಿನ ಆಜ್ಞೆಗೆ ಮಣಿಯುವುದಿಲ್ಲ. ಆದ್ದರಿಂದ ಬೇಡವಾದಾಗಲೂ ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತದೆ, ಮಧುಮೇಹಕ್ಕೆ ದಾರಿ ಮಾಡುತ್ತದೆ. ಇದರ ಜೊತೆಗೆ ಉರಿಯೂತವನ್ನು ಹೆಚ್ಚಿಸುವ ಮತ್ತು ರಕ್ತವನ್ನು ಬೇಗನೆ ಹೆಪ್ಪುಗಟ್ಟಿಸುವ ವಸ್ತುಗಳೂ ಯಕೃತ್ತಿನಿಂದ ಅಧಿಕವಾಗಿ ಹೊರಬರುತ್ತವೆ.

ಈ ರಕ್ತವೇ ಹೃದಯದ ಮಾಂಸಖಂಡಕ್ಕೆ ಆಹಾರ ಒಯ್ಯುವ ಸಣ್ಣ ನಾಳಗಳಲ್ಲಿ ಹರಿಯಬೇಕು. ನಮ್ಮ ಕೊಳವೆಬಾವಿಗಳ ಗಡಸು ನೀರು ಹರಿದು ಹರಿದು ಪೈಪಿನ ಒಳಮೈಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಪೊರೆ ಬೆಳೆದಂತೆ ದಾರಿ ಕಿರಿದಾಗುತ್ತದೆ. ಹನಿ ನೀರಾವರಿಯ ತೂತುಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ. ಹೃದಯದ ರಕ್ತನಾಳಗಳ ಗೋಡೆಯಲ್ಲಿಯೂ ಹೀಗೆಯೇ ಕೊಬ್ಬಿನ ಪದರ ಬೆಳೆಯುತ್ತದೆ. ಒಂದು ದಿನ ಆ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋದರೆ ಅದೇ ಹೃದಯಾಘಾತ.

ಇದು ಕೇವಲ ಊಹೆಯಲ್ಲ. ವಿವಿಧ ದೇಶಗಳ ೩೬ ಅಧ್ಯಯನಗಳಲ್ಲಿದ್ದ ಸುಮಾರು ೫೮ ಲಕ್ಷ ಜನರ ವಿವರಗಳನ್ನು ೨೦೨೧ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಕೊಬ್ಬಿನ ಯಕೃತ್ತು ಉಳ್ಳವರಲ್ಲಿ ಹೃದಯ ಮತ್ತು ರಕ್ತನಾಳಗಳ ಗಂಭೀರ ತೊಂದರೆಗಳು ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿ ಕಂಡುಬಂದವು. ಯಕೃತ್ತಿನ ಹಾನಿ ಹೆಚ್ಚಿದಂತೆ ಈ ಅಪಾಯವೂ ಹೆಚ್ಚಿತ್ತು. ಕೊಬ್ಬಿನ ಯಕೃತ್ತು ಉಳ್ಳವರು ಮರಣ ಹೊಂದುವುದು ಯಕೃತ್ತಿನ ಕಾಯಿಲೆಗಿಂತಲೂ ಹೃದಯದ ಕಾಯಿಲೆಯಿಂದಲೇ ಹೆಚ್ಚು ಎಂಬುದು ವೈದ್ಯರ ಅನುಭವ.

ಹಾಗೆಂದು ಈ ವರದಿ ಬಂದವರಿಗೆಲ್ಲ ಹೃದಯಾಘಾತವಾಗುವುದು ಖಂಡಿತವೆಂದು ತಿಳಿಯಬಾರದು. ಬೊಜ್ಜು, ಮಧುಮೇಹ ಮತ್ತು ರಕ್ತದೊತ್ತಡಗಳು ಎರಡು ಅಂಗಗಳಿಗೂ ಸಮಾನ ಶತ್ರುಗಳು. ಯಕೃತ್ತು ಅವುಗಳ ಬರವನ್ನು ಮೊದಲೇ ಸೂಚಿಸುತ್ತದೆ. ಸೂಚನೆಯನ್ನು ಗಮನಿಸಿದವರಿಗೆ ತಿದ್ದಿಕೊಳ್ಳಲು ವರ್ಷಗಳ ಕಾಲಾವಕಾಶವಿರುತ್ತದೆ.

ನಮ್ಮ ಹಳ್ಳಿಗಳಿಗೆ ಇದು ಹೇಗೆ ಬಂತು?

ಇದು ಪಟ್ಟಣದ ಸಿರಿವಂತರ ಕಾಯಿಲೆಯೆಂಬ ಕಾಲ ಕಳೆದುಹೋಗಿದೆ. ನಮ್ಮ ನಾಲ್ಕೂ ತಾಲ್ಲೂಕುಗಳು ಬಯಲುಸೀಮೆಯವು. ಹಿಂದಿನವರು ರಾಗಿ, ಹುರುಳಿ, ಅವರೆ, ನವಣೆ, ಸಾಮೆಗಳನ್ನು ಉಂಡು ನೇಗಿಲು, ಗುದ್ದಲಿ, ಕುಡುಗೋಲು ಹಿಡಿದು ಹಗಲಿಡೀ ದುಡಿಯುತ್ತಿದ್ದರು. ಇಂದು ಉಳುಮೆಗೆ ಟ್ರಾಕ್ಟರು, ಒಕ್ಕಣೆಗೆ ಯಂತ್ರ, ಹೊಲಕ್ಕೆ ಹೋಗಲು ಬೈಕು ಬಂದಿವೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರು ಸೌರ ವಿದ್ಯುತ್ ಉದ್ಯಾನಕ್ಕೆ ಗುತ್ತಿಗೆಗೆ ಕೊಟ್ಟಿದ್ದಾರೆ. ಶಿರಾದ ಹೆದ್ದಾರಿಯ ಬದಿಯಲ್ಲಿ ದಿನವಿಡೀ ಕುಳಿತು ಮಾಡುವ ವ್ಯಾಪಾರಗಳು ಬೆಳೆದಿವೆ. ದುಡಿಮೆ ಹಗುರವಾದುದು ಸಂತೋಷದ ವಿಷಯವೇ. ಆದರೆ ಮೈಮುರಿದು ದುಡಿಯುತ್ತಿದ್ದ ಕಾಲದ ಊಟದ ಅಳತೆ ಮಾತ್ರ ಹಾಗೆಯೇ ಉಳಿದುಕೊಂಡಿತು.

೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡಕುಟುಂಬಗಳ ಹಸಿವನ್ನು ನೀಗಿಸಲು ನೆರವಾಯಿತು. ಆದರೆ ಅಕ್ಕಿ ಸುಲಭವಾಗಿ ಸಿಕ್ಕಿತೆಂದು ಮೂರು ಹೊತ್ತೂ ಬಿಳಿಯ ಅನ್ನವನ್ನೇ ರಾಶಿ ಬಡಿಸಿಕೊಂಡು, ಸೊಪ್ಪು ಕಾಳುಗಳನ್ನು ಮರೆತರೆ ದೇಹಕ್ಕೆ ಒಳಿತಾಗದು. ಇದರೊಡನೆ ದಿನಕ್ಕೆ ಐದು ಲೋಟ ಟೀ, ಸಂಜೆಯ ಬೋಂಡ ಮತ್ತು ಮಿಕ್ಸ್ಚರು, ಬೇಕರಿಯ ತಿಂಡಿ, ಬಣ್ಣದ ತಂಪು ಪಾನೀಯಗಳು ಸೇರಿಕೊಂಡವು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ ೧೧.೪ ಜನರಿಗೆ ಮಧುಮೇಹವೂ, ಶೇಕಡಾ ೩೫.೫ ಜನರಿಗೆ ಅಧಿಕ ರಕ್ತದೊತ್ತಡವೂ, ಶೇಕಡಾ ೩೯.೫ ಜನರಿಗೆ ಹೊಟ್ಟೆಯ ಬೊಜ್ಜೂ ಇವೆ. ಗ್ರಾಮಗಳೂ ಇದಕ್ಕೆ ಹೊರತಲ್ಲ.

ಗುರುತಿಸುವುದು ಹೇಗೆ?

ಕೊಬ್ಬಿನ ಯಕೃತ್ತು ಆರಂಭದಲ್ಲಿ ನೋವನ್ನುಂಟುಮಾಡುವುದಿಲ್ಲ. ಕೆಲವರಿಗೆ ಆಯಾಸ, ಬಲಪಕ್ಕೆಯಲ್ಲಿ ಭಾರವೆನಿಸುವುದು ಇರಬಹುದು. ಬಹುಪಾಲು ಜನರಿಗೆ ಏನೂ ತಿಳಿಯುವುದಿಲ್ಲ. ಆದರೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಗಂಡಸರ ಉಡುದಾರ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದರೆ ಅದೇ ಮೊದಲ ಎಚ್ಚರಿಕೆ. ದರ್ಜಿಯವರ ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನು ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟ ಸ್ಥಿತಿಯಲ್ಲಿ ನೋಡಿಕೊಳ್ಳಿ. ಪುರುಷರಲ್ಲಿ ೯೦ ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಸ್ತ್ರೀಯರಲ್ಲಿ ೮೦ ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಅಂಗುಲ, ಇದನ್ನು ಮೀರಬಾರದು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರೂ ಅಪಾಯದಿಂದ ಪಾರಾದವರಲ್ಲ.

ಮೂವತ್ತು ವರ್ಷ ತುಂಬಿದ ಪ್ರತಿಯೊಬ್ಬರೂ ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಆಶಾ ಕಾರ್ಯಕರ್ತೆಯು ಮನೆಗೆ ಬಂದು ಸೊಂಟದ ಅಳತೆ, ಹೊಗೆಸೊಪ್ಪು, ಮದ್ಯ, ಮನೆತನದ ಕಾಯಿಲೆಗಳ ಬಗ್ಗೆ ಪ್ರಶ್ನಿಸಿದಾಗ ಸಂಕೋಚವಿಲ್ಲದೆ ಉತ್ತರಿಸಿ. ಭಾರತ ಸರ್ಕಾರವು ೨೦೨೧ರಲ್ಲಿ ಕೊಬ್ಬಿನ ಯಕೃತ್ತನ್ನು ಅಸಾಂಕ್ರಾಮಿಕ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿದೆ. ಆ ಪ್ರಶ್ನೆಗಳಿಗೆ ಅದೂ ಒಂದು ಕಾರಣ.

ಸ್ಕ್ಯಾನಿನಲ್ಲಿ ಈ ರೋಗ ಕಂಡುಬಂದವರು ವೈದ್ಯರ ಸಲಹೆಯಂತೆ ಯಕೃತ್ತಿನ ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಕೊಲೆಸ್ಟರಾಲ್ ಮತ್ತು ಸಕ್ಕರೆಯ ಪರೀಕ್ಷೆಗಳನ್ನು ಮಾಡಿಸಬೇಕು. ಯಕೃತ್ತು ಗಟ್ಟಿಯಾಗತೊಡಗಿದೆಯೇ ಎಂಬುದನ್ನು ಇವುಗಳಿಂದ ಅಂದಾಜು ಮಾಡಬಹುದು. ಯಕೃತ್ತಿನ ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಕೊಬ್ಬು ಇಲ್ಲವೆಂದು ಹೇಳಲಾಗದು.

ಒಲೆ ಒಂದೇ, ಪಥ್ಯವೂ ಒಂದೇ

ಈ ರೋಗದ ಮುಖ್ಯ ಚಿಕಿತ್ಸೆ ಅಡುಗೆಮನೆಯಲ್ಲಿದೆ. ಗಂಡನಿಗೆ ಒಂದು, ಹೆಂಡತಿಗೆ ಒಂದು ಎಂದು ಬೇರೆ ಬೇರೆ ಅಡುಗೆ ಮಾಡಿದರೆ ಪಥ್ಯ ಒಂದು ವಾರವೂ ನಡೆಯುವುದಿಲ್ಲ. ಆದುದರಿಂದ ಮನೆಯವರೆಲ್ಲರೂ ಒಂದೇ ಬಗೆಯ ಊಟಕ್ಕೆ ಬರುವುದು ಲೇಸು. ಅದಕ್ಕೆ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ.

೧. ಮುದ್ದೆಯಾಗಲಿ ಅನ್ನವಾಗಲಿ, ಅದರ ಗಾತ್ರ ಕಡಿಮೆಯಿರಲಿ; ಬಸ್ಸಾರು, ಹುರುಳಿಕಾಳು, ಅವರೆಕಾಳು, ಸೊಪ್ಪು, ತರಕಾರಿಗಳು ಹೆಚ್ಚಿರಲಿ. ರಾಗಿ ಒಳ್ಳೆಯದೆಂದು ಎರಡು ಮೂರು ದೊಡ್ಡ ಮುದ್ದೆ ಉಣ್ಣುವುದರಿಂದ ಪ್ರಯೋಜನವಿಲ್ಲ.

೨. ಅಡುಗೆ ಎಣ್ಣೆಯು ತಿಂಗಳಿಗೆ ತಲಾ ಅರ್ಧ ಲೀಟರನ್ನು ಮೀರದಿರಲಿ. ನಾಲ್ವರ ಮನೆಗೆ ಎರಡು ಲೀಟರ್ ಸಾಕು. ನಮ್ಮದೇ ಹೊಲದ ಕಡಲೆಕಾಯಿ ಎಣ್ಣೆಗೂ ಇದೇ ಅಳತೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು.

೩. ಲೋಟಕ್ಕೆ ಎರಡು ಚಮಚದಂತೆ ಐದು ಲೋಟ ಟೀ ಕುಡಿದರೆ ಹತ್ತು ಚಮಚ, ಅಂದರೆ ಸುಮಾರು ೪೦ರಿಂದ ೫೦ ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ. ದಿನಕ್ಕೆ ೨೫ ಗ್ರಾಮಿನೊಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ತಂಪು ಪಾನೀಯದ ಬದಲು ನೀರು ಮಜ್ಜಿಗೆ ಕುಡಿಯಿರಿ.

೪. ಉಪ್ಪು ದಿನಕ್ಕೆ ತಲಾ ಒಂದು ಟೀ ಚಮಚದೊಳಗಿರಲಿ. ಉಪ್ಪಿನಕಾಯಿ ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

೫. ಮದ್ಯ, ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಪೂರ್ಣವಾಗಿ ಬಿಡಬೇಕು. ಕೊಬ್ಬು ತುಂಬಿದ ಯಕೃತ್ತಿಗೆ ಮದ್ಯವು ಉರಿಯುವ ಬೆಂಕಿಗೆ ಎಣ್ಣೆ ಎರೆದಂತೆ.

೬. ವಾರದಲ್ಲಿ ಕನಿಷ್ಠ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಗಂಡಹೆಂಡಿರು ಜೊತೆಯಾಗಿ ನಡೆದರೆ ಈ ಅಭ್ಯಾಸ ನಿಲ್ಲುವುದಿಲ್ಲ. ಹೊಲಕ್ಕೆ ಬೈಕನ್ನು ಬಿಟ್ಟು ನಡೆದು ಹೋಗಿ ಬಂದರೂ ಆದೀತು.

ತೂಕ ಹೆಚ್ಚಿರುವವರು ಅದನ್ನು ನಿಧಾನವಾಗಿ ಇಳಿಸಬೇಕು. ಎಪ್ಪತ್ತು ಕಿಲೋ ತೂಗುವವರು ಮೂರೂವರೆ ಕಿಲೋ, ಅಂದರೆ ಶೇಕಡಾ ೫ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ಶೇಕಡಾ ೭ರಿಂದ ೧೦ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಇದಕ್ಕೆ ಆರು ತಿಂಗಳು ಅಥವಾ ಒಂದು ವರ್ಷ ಹಿಡಿದರೂ ಚಿಂತೆಯಿಲ್ಲ. ಉಪವಾಸ ಮಾಡಿ ಒಮ್ಮೆಲೇ ತೂಕ ಕಳೆದುಕೊಳ್ಳುವುದು ಯಕೃತ್ತಿಗೇ ಹಾನಿಕರ.

ಗೃಹಿಣಿಯ ಆರೋಗ್ಯವನ್ನು ಮರೆಯದಿರಿ

ನಮ್ಮ ಮನೆಗಳಲ್ಲಿ ಗಂಡನ ಪಥ್ಯವನ್ನು ನೋಡಿಕೊಳ್ಳುವ ಹೆಂಡತಿಯು ತನ್ನ ಪರೀಕ್ಷೆಯನ್ನು ಮುಂದೂಡುತ್ತಲೇ ಇರುತ್ತಾಳೆ. ಎಲ್ಲರಿಗೂ ಬಡಿಸಿದ ಮೇಲೆ ಉಳಿದುದು ಹಾಳಾಗಬಾರದೆಂದು ಹಸಿವಿಲ್ಲದಿದ್ದರೂ ಉಣ್ಣುತ್ತಾಳೆ. ಇದು ಮಿತವ್ಯಯವಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ಸ್ತ್ರೀಯರಿಗೆ ಮುಂದೆ ಮಧುಮೇಹ ಮತ್ತು ಕೊಬ್ಬಿನ ಯಕೃತ್ತು ಬರುವ ಸಂಭವ ಹೆಚ್ಚು. ಅಂಥವರು ಹೆರಿಗೆಯಾದ ಆರರಿಂದ ಹನ್ನೆರಡು ವಾರಗಳೊಳಗೆ ಒಮ್ಮೆ, ಆ ನಂತರ ವೈದ್ಯರು ಹೇಳಿದಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಹೃದ್ರೋಗದ ಅಪಾಯ ಏರುತ್ತದೆ ಎಂಬುದನ್ನೂ ನೆನಪಿಡಬೇಕು. ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಯಾದುದರಿಂದ ಬೊಜ್ಜು ಬಂತೆಂದು ಕೆಲವರು ಹೇಳುವುದುಂಟು. ಈ ಶಸ್ತ್ರಚಿಕಿತ್ಸೆಯು ಕೊಬ್ಬನ್ನು ಸೇರಿಸುವುದಿಲ್ಲ. ಊಟ ಮತ್ತು ದುಡಿಮೆಯ ಲೆಕ್ಕ ತಪ್ಪುವುದೇ ಕಾರಣ.

ಕೆಲವು ತಪ್ಪು ಕಲ್ಪನೆಗಳು

ಲಿವರಿನ ಕೊಬ್ಬನ್ನು ಕರಗಿಸುವುದೆಂದು ಹೇಳಿ ಮಾರುವ ಟಾನಿಕ್ಕುಗಳಿಗೆ ಹಣ ಸುರಿಯಬೇಡಿ. ಹೆಸರು ತಿಳಿಯದ ಬೇರು, ಪುಡಿ, ಕಷಾಯಗಳಲ್ಲಿ ಕೆಲವು ಯಕೃತ್ತನ್ನೇ ಕೆಡಿಸಬಲ್ಲವು. ಇನ್ನೊಂದೆಡೆ, ವೈದ್ಯರು ಕೊಟ್ಟ ಕೊಲೆಸ್ಟರಾಲ್ ಮಾತ್ರೆಯು ಲಿವರಿಗೆ ಕೆಟ್ಟದ್ದೆಂಬ ಭಯದಿಂದ ಅನೇಕರು ಅದನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಕೊಬ್ಬಿನ ಯಕೃತ್ತು ಇರುವವರಿಗೆ ಈ ಮಾತ್ರೆ ಸಾಮಾನ್ಯವಾಗಿ ಸುರಕ್ಷಿತ. ಹೃದಯವನ್ನು ಕಾಪಾಡುವುದೂ ಅದೇ. ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಎದೆನೋವು ಕಾಣಿಸಿದಾಗ

ಎದೆಯ ನಡುವೆ ಬಿಗಿತ ಅಥವಾ ಉರಿ, ಎಡತೋಳು, ಬೆನ್ನು ಇಲ್ಲವೆ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಇವು ಹೃದಯಾಘಾತದ ಲಕ್ಷಣಗಳು. ಸ್ತ್ರೀಯರಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಇರಬಹುದು. ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ. ರೋಗಿಯನ್ನು ನಡೆಸಬೇಡಿ. ಕೂಡಲೇ ೧೦೮ಕ್ಕೆ ಕರೆಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೋಗಿ.

ಚಲನಚಿತ್ರ ನಟ ಪುನೀತ್ ರಾಜ್‌ಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು ತಮ್ಮ ೪೬ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದುದು ನಾಡಿನವರಿಗೆಲ್ಲ ತಿಳಿದಿದೆ. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ೨೦೨೩ರಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳ ತಜ್ಞರು ದೂರದಿಂದಲೇ ಪರಿಶೀಲಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಅಗತ್ಯವಿರುವವರಿಗೆ ಉಚಿತವಾಗಿ ನೀಡಲಾಗುತ್ತದೆ. ಆದರೆ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಈ ಮದ್ದು ಹೃದಯವನ್ನು ಉಳಿಸಬಲ್ಲದು. ತಡಮಾಡಿದ ಪ್ರತಿ ನಿಮಿಷವೂ ಹೃದಯದ ಮಾಂಸಖಂಡದ ನಷ್ಟವೇ.

ಆರಂಭದಲ್ಲಿ ಹೇಳಿದ ರೈತರು ಈಗ ಬೀಡಿ ಬಿಟ್ಟಿದ್ದಾರೆ. ಅವರ ಪತ್ನಿಯೂ ಪರೀಕ್ಷೆ ಮಾಡಿಸಿಕೊಂಡರು; ಅವರಿಗೂ ಸಕ್ಕರೆಯ ಅಂಶ ಗಡಿಯಲ್ಲಿತ್ತು. ಈಗ ಮುಂಜಾನೆ ಇಬ್ಬರೂ ಊರ ಕೆರೆಯ ಏರಿಯ ಮೇಲೆ ಜೊತೆಯಾಗಿ ನಡೆಯುತ್ತಾರೆ. ಇಬ್ಬರ ಮಾತ್ರೆಗಳೂ ಒಂದೇ ಡಬ್ಬಿಯಲ್ಲಿವೆ.

ನಿಮ್ಮ ಮನೆಯಲ್ಲಿಯೂ ಅಂತಹ ಹಳೆಯ ಸ್ಕ್ಯಾನ್ ವರದಿಯೊಂದು ಇರಬಹುದು. ಇಂದು ಸಂಜೆ ಅದನ್ನು ತೆಗೆದು ಪತಿಪತ್ನಿಯರಿಬ್ಬರೂ ಓದಿ. ನಾಳೆ ಅದನ್ನು ತೆಗೆದುಕೊಂಡು ಇಬ್ಬರೂ ಕೂಡಿಯೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ.